ಬಾಡಿಗೆ ಎಷ್ಟು? — ಟಾಂಗಾ ಕಟ್ಟೆಯಿಂದ ವಿಮಾನ ನಿಲ್ದಾಣದವರೆಗೆ

ಈಚೆಗೆ ಒಂದು ಮಧ್ಯಾಹ್ನ ಹುಬ್ಬಳ್ಳಿಯ ವಿಮಾನ ನಿಲ್ದಾಣದ ಹೊರಬಾಗಿಲಲ್ಲಿ ನಿಂತಿದ್ದೆ. ಬೆಂಗಳೂರಿನಿಂದ ಬರಲಿದ್ದ ಬಂಧುಗಳೊಬ್ಬರನ್ನು ರಾಣೆಬೆನ್ನೂರಿಗೆ ಕರೆದುಕೊಂಡು ಹೋಗಬೇಕಾಗಿತ್ತು. ವಿಮಾನವಿಳಿದು ಹೊರಬಂದ ಜನರಲ್ಲಿ ಇಬ್ಬರು ನನ್ನ ಗಮನವನ್ನು ಸೆಳೆದರು. ಒಬ್ಬ ತರುಣ. ಬಾಗಿಲು ದಾಟುವುದರೊಳಗಾಗಿ ಕೈಯಲ್ಲಿದ್ದ ಫೋನನ್ನು ನಾಲ್ಕು ಸಲ ಒತ್ತಿದ. ಯಾರೊಡನೆಯೂ ಒಂದು ಮಾತನ್ನೂ ಆಡಲಿಲ್ಲ. ಕೆಲವು ನಿಮಿಷಗಳಲ್ಲಿ ಬಂದು ನಿಂತ ಬಿಳಿಯ ಕಾರನ್ನೇರಿ ಹೊರಟುಹೋದ. ಇನ್ನೊಬ್ಬರು ಬ್ಯಾಡಗಿಯ ಕಡೆಯ ಹಿರಿಯರು. ಶುಭ್ರವಾದ ಧೋತರ, ತಲೆಯ ಮೇಲೆ ಬಿಳಿಯ ಟೊಪ್ಪಿಗೆ, ಕೈಯಲ್ಲೊಂದು ಚೀಲ. ಅವರು ಅಲ್ಲಿ ನಿಂತಿದ್ದ ಚಾಲಕನೊಬ್ಬನನ್ನು "ಬ್ಯಾಡಗಿಗೆ ಎಷ್ಟ್ ತಗೋತೀಪಾ?" ಎಂದು ಕೇಳಿದರು.

"ಹೋಗಿ ಬರೂದು ಎರಡೂ ಹಿಡೀಬೇಕಾಗ್ತದ್ರೀ ಯಜಮಾನ್ರ. ಬರೂ ಮುಂದ ಖಾಲಿ ಬರಬೇಕಲ್ರೀ ನಾ?"

"ನನಗ ಹೋಗೂದಷ್ಟ ಐತಿ. ನೀ ತಿರುಗಿ ಬರೂದಕ್ಕ ನಾ ಯಾಕ ರೊಕ್ಕ ಕೊಡ್ಲೊ ತಮ್ಮಾ?"

ಹೀಗೆ ಚೌಕಾಶಿ ಮೊದಲಾಯಿತು. ಚಾಲಕ ಇಂಧನದ ದರವನ್ನು ಎತ್ತಿದ. ಹಿರಿಯರು ಬಸ್ಸಿನ ದರವನ್ನು ಎತ್ತಿದರು. ಐದು ನಿಮಿಷಗಳಾದ ಮೇಲೆ ಇಬ್ಬರೂ ನಗುತ್ತ ಒಂದು ಮೊತ್ತಕ್ಕೆ ಒಪ್ಪಿ ಹೊರಟರು. ತರುಣನ ಬಾಡಿಗೆಯನ್ನು ನಿಶ್ಚಯಿಸಿದವರು ಯಾರು? ಅವನನ್ನು ಕೂರಿಸಿಕೊಂಡು ಹೋದ ಚಾಲಕನಂತೂ ಅಲ್ಲ. ಅವನಿಗೂ ಆ ಮೊತ್ತ ಫೋನಿನಿಂದಲೇ ತಿಳಿದದ್ದು. ಹಿರಿಯರ ಬಾಡಿಗೆ ಮಾತ್ರ ನಾಲ್ಕು ಜನರ ಎದುರಿಗೆ, ಬಿಸಿಲಿನಲ್ಲಿ, ಬಾಯಿಮಾತಿನಿಂದ ನಿಶ್ಚಯವಾಯಿತು.

ಈ ಎರಡು ದೃಶ್ಯಗಳ ನಡುವೆ ನಮ್ಮ ನಾಡಿನ ಸಾರಿಗೆಯ ಒಂದು ದೀರ್ಘವಾದ ಚರಿತ್ರೆ ಅಡಗಿದೆ ಎಂದರೆ ಅತಿಶಯೋಕ್ತಿಯಾಗಲಾರದು. ಹಾವೇರಿ ಜಿಲ್ಲೆಯಲ್ಲಿ ಪ್ರಯಾಣಿಕರ ವಿಮಾನ ನಿಲ್ದಾಣವಿಲ್ಲ. ಹಾವೇರಿಯಿಂದ ಹುಬ್ಬಳ್ಳಿ ಸುಮಾರು 75 ಕಿಲೋಮೀಟರು. ಬ್ಯಾಡಗಿಯಿಂದ ಸುಮಾರು 90. ರಾಣೆಬೆನ್ನೂರಿನಿಂದ ನೂರಕ್ಕೆ ಮಿಕ್ಕು. ಆದುದರಿಂದ ಇಲ್ಲಿಯವರಿಗೆ ಗಗನಯಾನವೆಂಬುದು ಮೊದಲು ರಸ್ತೆಯ ಯಾನ, ಆಮೇಲೆ ಆಕಾಶದ್ದು. ವಿಮಾನವೇರುವುದಕ್ಕಿಂತ ವಿಮಾನದ ಬಾಗಿಲವರೆಗೆ ಮುಟ್ಟುವುದೇ ದೊಡ್ಡ ಪ್ರಯಾಣ. ಈ ಬಾಗಿಲಿನ ಮುಂದೆ ನಿಲ್ಲುವ ಬಾಡಿಗೆಯ ಗಾಡಿಯ ಕಥೆಯನ್ನು ಸ್ವಲ್ಪ ಹಿಂದಿನಿಂದ ನೋಡಿಕೊಂಡು ಬರೋಣ.

ಶಾಸ್ತ್ರಕಾರರ ಬಾಡಿಗೆ

‘ಬಾಡಿಗೆ’ ಎಂಬ ನಮ್ಮ ಮಾತು ಸಂಸ್ಕೃತದ ‘ಭಾಟಕ’ದ ತದ್ಭವ. ಮಾತು ಹಳೆಯದು, ಅದರ ಜಗಳವೂ ಹಳೆಯದು. ನಾರದ ಸ್ಮೃತಿಯಲ್ಲಿ ಒಂದು ಸ್ವಾರಸ್ಯವಾದ ವಿಧಿಯಿದೆ. ವರ್ತಕನೊಬ್ಬ ವಾಹನವನ್ನೋ ಹೊರೆಯ ಪಶುವನ್ನೋ ಬಾಡಿಗೆಗೆ ಗೊತ್ತುಮಾಡಿ ಕೊನೆಗೆ ಒಯ್ಯದೆ ಹೋದರೆ ಬಾಡಿಗೆಯ ನಾಲ್ಕನೆಯ ಒಂದು ಪಾಲನ್ನು ಕೊಡಬೇಕು. ಅರ್ಧ ದಾರಿಯಲ್ಲಿ ಬಿಟ್ಟರೆ ಬಾಡಿಗೆಯನ್ನು ಪೂರ್ತಿಯಾಗಿ ಕೊಡಬೇಕು. ಇಂದು ಫೋನಿನಲ್ಲಿ ಗಾಡಿಯನ್ನು ಕರೆದು, ಮತ್ತೆ ಬೇಡವೆಂದಾಗ ಬೀಳುವ ದಂಡವನ್ನು ಕಂಡು ಸಿಡಿಮಿಡಿಗೊಳ್ಳುವವರು ಈ ವಿಧಿಯನ್ನು ನೆನೆದು ಸಮಾಧಾನ ಮಾಡಿಕೊಳ್ಳಬಹುದು!

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾವಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಪ್ರಕರಣವೊಂದಿದೆ. ಅಲ್ಲಿ ಹೊಳೆ ದಾಟುವ ದರಗಳ ಪಟ್ಟಿಯನ್ನೇ ಕೊಟ್ಟಿದೆ. ಹೊರೆಯೊಂದಿಗೆ ಬಂದ ಮನುಷ್ಯನಿಗೆ ಒಂದು ಮಾಷ; ತಲೆಹೊರೆಯವನಿಗೆ, ಹಸು ಕುದುರೆಗಳಿಗೆ ಎರಡು; ಒಂಟೆ ಎಮ್ಮೆಗಳಿಗೆ ನಾಲ್ಕು; ಬಂಡಿಗೆ ಏಳು. ದೊಡ್ಡ ನದಿಯಾದರೆ ಇವೆಲ್ಲ ಇಮ್ಮಡಿ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ದರ ಇಮ್ಮಡಿಯಾಗುವುದನ್ನು ಶಾಸ್ತ್ರಕಾರ ಒಪ್ಪಿದ್ದಾನೆ. ಆದರೆ ಯಾವಾಗ ಇಮ್ಮಡಿ, ಏಕೆ ಇಮ್ಮಡಿ ಎಂಬುದನ್ನು ಮೊದಲೇ ಹೇಳಿಬಿಟ್ಟಿದ್ದಾನೆ. ಅಂಬಿಗ ಪ್ರಯಾಣಿಕನ ಮುಖ ನೋಡಿ ದರ ಹೇಳುವಂತಿಲ್ಲ. ಪ್ರಯಾಣಿಕನೂ ಅಂಬಿಗನ ಬಡತನ ನೋಡಿ ಇಳಿಸುವಂತಿಲ್ಲ.

ಬಾಡಿಗೆಯ ಚರಿತ್ರೆಯುದ್ದಕ್ಕೂ ಮೂರು ಪ್ರಶ್ನೆಗಳು ಮತ್ತೆ ಮತ್ತೆ ಏಳುತ್ತವೆ: ಮೊದಲ ಸರದಿ ಯಾರದು? ದರವೆಷ್ಟು? ತಪ್ಪಾದರೆ ಹೊಣೆ ಯಾರು? ಸರದಿ, ದರ, ಹೊಣೆ — ಈ ಮೂರನ್ನು ನೆನಪಿನಲ್ಲಿಟ್ಟುಕೊಂಡು ನಮ್ಮ ಊರುಗಳ ಕಡೆಗೆ ಬರೋಣ.

ಸೇತುವೆ, ಉಗಿಬಂಡಿ, ಟಾಂಗಾ

ಹಾವೇರಿಯೂ ರಾಣೆಬೆನ್ನೂರೂ ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿನ ಊರುಗಳು. ಬ್ಯಾಡಗಿ ಮಾತ್ರ ಹೆದ್ದಾರಿಯನ್ನು ಬಿಟ್ಟು ಸ್ವಲ್ಪ ಒಳಗಿದೆ, ಮೋಟೆಬೆನ್ನೂರಿನಲ್ಲಿ ತಿರುಗಿಕೊಳ್ಳಬೇಕು. ಹಿಂದೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದ ಈ ಭಾಗದ ದಕ್ಷಿಣದ ಎಲ್ಲೆ ತುಂಗಭದ್ರೆ. ಹೊಳೆಯ ಆಚೆಗೆ ಮೈಸೂರು ಸಂಸ್ಥಾನದ ಹರಿಹರ. ಸೇತುವೆಯಿಲ್ಲದ ಕಾಲದಲ್ಲಿ ಮಳೆಗಾಲದ ಪ್ರಯಾಣಿಕನಿಗೆ ಹರಿಗೋಲೇ ಗತಿ, ಅಂಬಿಗನೇ ದೇವರು. 1868ರಲ್ಲಿ ಹರಿಹರದ ಸೇತುವೆ ಪೂರ್ಣವಾಯಿತು. ತಲಾ 60 ಅಡಿಯ 14 ಕಮಾನುಗಳ, ಸುಮಾರು ಮೂರು ಲಕ್ಷ ರೂಪಾಯಿ ವೆಚ್ಚದ ಈ ಕಟ್ಟಡ ಅಂದಿನ ಮಟ್ಟಿಗೆ ಒಂದು ಅದ್ಭುತವೇ ಸರಿ. ಬಂಡಿಗಳ ಸಾಲು ಹೊಳೆಯನ್ನು ಕಾಲೊದ್ದೆಯಾಗದಂತೆ ದಾಟತೊಡಗಿತು.

1876ರಿಂದ 78ರವರೆಗಿನ ಭೀಕರ ಕ್ಷಾಮದ ತರುವಾಯ ರೈಲಿನ ಮಾತು ಜೋರಾಯಿತು. ಧಾನ್ಯವಿದ್ದ ಕಡೆಯಿಂದ ಇಲ್ಲದ ಕಡೆಗೆ ಸಾಗಿಸುವ ದಾರಿಯಿಲ್ಲದೆ ಜನ ಸತ್ತುದನ್ನು ಸರಕಾರ ಕಣ್ಣಾರೆ ಕಂಡಿತ್ತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1886ರಲ್ಲಿ ಹುಬ್ಬಳ್ಳಿಯಿಂದ ಹರಿಹರದವರೆಗೆ ಮೀಟರ್‌ಗೇಜ್ ಹಳಿ ತೆರೆಯಿತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಸ್ಟೇಶನ್ನುಗಳಾದವು. ಬ್ಯಾಡಗಿಯ ಮೆಣಸಿನಕಾಯಿಯ ಚೀಲಗಳೂ ಸೀಮೆಯ ಹತ್ತಿಯ ಅಂಡಿಗೆಗಳೂ ಇಲ್ಲಿಂದ ದೂರದ ಪೇಟೆಗಳಿಗೆ ಹೊರಟವು. ಆ ಹಾವೇರಿ ನಿಲ್ದಾಣ ಇಂದು ಹುತಾತ್ಮ ಮೈಲಾರ ಮಹದೇವಪ್ಪನವರ ಹೆಸರನ್ನು ಹೊತ್ತಿದೆ.

ರೈಲು ಬಂದಾಗ ಊರಿನ ರೂಪವೇ ಬದಲಾಗುತ್ತದೆ. ಅದುವರೆಗೆ ಊರಿಗೆ ಬರುವವನು ಅಗಸಿಯಿಂದ ಬರುತ್ತಿದ್ದ. ಇನ್ನು ಮುಂದೆ ಸ್ಟೇಶನ್ನೇ ಊರಿನ ಅಗಸಿಯಾಯಿತು. ಸ್ಟೇಶನ್ನಿನಿಂದ ಮನೆಗೆ ಹೋಗುವುದು ಹೇಗೆ? ಬಡವನಿಗೆ ಕಾಲು, ರೈತನಿಗೆ ಚಕ್ಕಡಿ, ಸರಕಾರಿ ನೌಕರನಿಗೂ ವರ್ತಕನಿಗೂ ಟಾಂಗಾ. ಸ್ಟೇಶನ್ನಿನ ಮುಂದೆ ಟಾಂಗಾದವರ ಕಟ್ಟೆಯೊಂದು ತಾನಾಗಿಯೇ ಬೆಳೆಯಿತು. ರಾಣೆಬೆನ್ನೂರಿನ ಟಾಂಗಾಗಳ ವಿಷಯವನ್ನು ನಮ್ಮ ಅಜ್ಜ ಹೇಳುತ್ತಿದ್ದರು. ಯಾವ ಟಾಂಗಾದ ಸರದಿಯೋ ಅದೇ ಟಾಂಗಾವನ್ನು ಏರಬೇಕು, ಕುದುರೆ ಬಡಕಲೆಂದು ಬಿಟ್ಟು ಹಿಂದಿನದನ್ನು ಏರಹೋದರೆ ಕಟ್ಟೆಯ ಜನರೆಲ್ಲ ಒಟ್ಟಾಗಿ "ಸರದಿ ತಪ್ಪಿಸಬ್ಯಾಡ್ರೀ ರಾಯರ!" ಎನ್ನುವರು. ದರವನ್ನಂತೂ ಊರಿನ ಹುಡುಗರೆಲ್ಲ ಬಲ್ಲರು. ಪೇಟೆಗೆ ಇಷ್ಟು, ಊರಾಚೆಯ ಗುಡಿಗೆ ಇಷ್ಟು, ಮಳೆಯಿದ್ದರೆ ಇಷ್ಟು ಹೆಚ್ಚು. ಹೊಸಬನಿಗೆ ಮಾತ್ರ ಮೋಸ. ಆದರೆ ಮೋಸ ಮಾಡಿದವನನ್ನು ಮರುದಿನ ಅದೇ ಕಟ್ಟೆಯಲ್ಲಿ ಹುಡುಕಿ ಹಿಡಿಯಬಹುದಾಗಿತ್ತು.

ಆ ಕಾಲವನ್ನು ಕೇವಲ ಸುವರ್ಣಯುಗವೆಂದು ಹೊಗಳಬೇಕಾಗಿಲ್ಲ. ರಾತ್ರಿಯ ರೈಲಿಗೆ ಒಂಟಿಯಾಗಿ ಬಂದಿಳಿದ ಹೆಣ್ಣುಮಗಳು ಯಾರನ್ನು ನಂಬಿ ಟಾಂಗಾವೇರಬೇಕು? ಜಾತಿಯ ಕಾರಣಕ್ಕೆ "ಖಾಲಿಯಿಲ್ಲ" ಎಂಬ ಮಾತು ಎಷ್ಟು ಜನರ ಕಿವಿಗೆ ಬಿದ್ದಿರಲಿಲ್ಲ! ಕಟ್ಟೆಯ ನ್ಯಾಯ ಕಟ್ಟೆಯವರ ನ್ಯಾಯವಾಗಿತ್ತು. ಅದರ ಹೊರಗಿನವರಿಗೆ ಅದು ಎಷ್ಟೋ ಸಲ ಅನ್ಯಾಯವೇ ಆಗಿತ್ತು.

ಆದುದರಿಂದಲೇ ಕಾಯಿದೆ ಬರಬೇಕಾಯಿತು. ಲಂಡನ್ನಿನಲ್ಲಿ 1634ರಲ್ಲಿಯೇ ಕ್ಯಾಪ್ಟನ್ ಬೇಲಿ ಎಂಬ ನಿವೃತ್ತ ನಾವಿಕ ಸ್ಟ್ರ್ಯಾಂಡ್ ಬೀದಿಯಲ್ಲಿ ನಾಲ್ಕು ಬಾಡಿಗೆ ಕೋಚುಗಳನ್ನು ನಿಲ್ಲಿಸಿ, ಆಳುಗಳಿಗೆ ಸಮವಸ್ತ್ರ ಕೊಟ್ಟು, ಊರಿನ ಯಾವ ಭಾಗಕ್ಕೆ ಎಷ್ಟು ದರವೆಂಬುದನ್ನು ಗೊತ್ತುಮಾಡಿದ್ದನಂತೆ. ಜಗತ್ತಿನ ಟ್ಯಾಕ್ಸಿ ಸ್ಟ್ಯಾಂಡುಗಳಿಗೆಲ್ಲ ಅದೇ ಮೂಲ ಎನ್ನುತ್ತಾರೆ. ನಮ್ಮ ದೇಶದಲ್ಲಿ 1861ರ ಸ್ಟೇಜ್ ಕ್ಯಾರೇಜ್ ಕಾಯಿದೆ ಬಂದಿತು. ಜನರನ್ನು ಕೂರಿಸಿಕೊಂಡು ಬಾಡಿಗೆಗೆ ಓಡುವ ಕುದುರೆಗಾಡಿಗೆ ಪರವಾನಗಿ ಬೇಕು. ಅದರಲ್ಲಿ ಒಡೆಯನ ಹೆಸರು, ವಾಸಸ್ಥಳ, ಕೂರಬಹುದಾದ ಜನ, ಹೇರಬಹುದಾದ ಭಾರ, ಕಟ್ಟಬೇಕಾದ ಕುದುರೆಗಳ ಸಂಖ್ಯೆ ಎಲ್ಲವೂ ಇರಬೇಕು. ಮುಂಬಯಿ ಪಟ್ಟಣಕ್ಕೆ 1863ರಲ್ಲಿ ಬಾಡಿಗೆ ಗಾಡಿಗಳದೇ ಒಂದು ಕಾಯಿದೆಯಾಯಿತು. ಗಾಡಿಯ ಹೊಣೆ ಯಾರದೆಂಬುದನ್ನು ಬರೆದಿಡಬೇಕೆಂಬ ತತ್ವ ಹೀಗೆ ನಮ್ಮಲ್ಲಿ ಬೇರೂರಿತು.

ಮೋಟಾರಿನ ಕಾಲ

ಮೋಟಾರು ಬಂದು ಕುದುರೆಯನ್ನು ಹಿಂದಕ್ಕೆ ತಳ್ಳಿತು. ಜರ್ಮನಿಯಲ್ಲಿ 1891ರಲ್ಲಿ ಬ್ರೂನ್ ಎಂಬಾತ ಗಾಡಿ ಓಡಿದ ದೂರವನ್ನೂ ಕಾಲವನ್ನೂ ತಾನೇ ಎಣಿಸುವ ಯಂತ್ರವನ್ನು ರಚಿಸಿದ. ಆ ಯಂತ್ರದ ಹೆಸರಾದ ‘ಟ್ಯಾಕ್ಸಿಮೀಟರ್’ ಎಂಬುದರ ಅರ್ಧವೇ ಇಂದಿನ ‘ಟ್ಯಾಕ್ಸಿ’. ಅಂದರೆ ಟ್ಯಾಕ್ಸಿಗೆ ಆ ಹೆಸರು ಬಂದುದು ಅದು ಮೋಟಾರು ಎಂಬುದಕ್ಕಾಗಿ ಅಲ್ಲ. ಅದರ ದರ ಎಲ್ಲರ ಕಣ್ಣಿಗೆ ಕಾಣುವಂತೆ ಅಳೆಯಲ್ಪಡುತ್ತದೆ ಎಂಬುದಕ್ಕಾಗಿ. 1939ರ ಮೋಟಾರು ವಾಹನಗಳ ಕಾಯಿದೆ ಬಾಡಿಗೆಯ ದರವನ್ನು ನಿಶ್ಚಯಿಸುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತು. 1988ರ ಕಾಯಿದೆಯ 67ನೆಯ ಕಲಮು ಅದನ್ನೇ ಮುಂದುವರಿಸಿತು.

ಬಸ್ಸಿನ ಮಟ್ಟಿಗೆ ಈ ಅಧಿಕಾರ ಸಾರ್ಥಕವಾಯಿತು. ಮುಂಬಯಿ ರಾಜ್ಯದಲ್ಲಿ 1948ರಿಂದ ಸರಕಾರಿ ಬಸ್ಸುಗಳು ಓಡತೊಡಗಿದವು. 1956ರ ಏಕೀಕರಣದಿಂದ ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ರಾಜ್ಯದ ರಸ್ತೆ ಸಾರಿಗೆ ಸಂಸ್ಥೆ ಸ್ಥಾಪನೆಯಾಯಿತು. 1997ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ವಾಯವ್ಯ ಸಂಸ್ಥೆ ಬೇರೆಯಾಯಿತು. ಹಾವೇರಿ ಪ್ರತ್ಯೇಕ ಜಿಲ್ಲೆಯಾದುದೂ ಅದೇ ವರ್ಷ. ಬಸ್ಸಿನಲ್ಲಿ ಚೌಕಾಶಿಯಿಲ್ಲ. ಶ್ರೀಮಂತನಿಗೂ ಬಡವನಿಗೂ ಒಂದೇ ಚೀಟಿ, ಒಂದೇ ದರ.

ಟ್ಯಾಕ್ಸಿಯ ಮಟ್ಟಿಗೆ ಹಾಗಾಗಲಿಲ್ಲ. ಸಣ್ಣ ಊರುಗಳಲ್ಲಿ ಮೀಟರು ಓಡಲೇ ಇಲ್ಲ ಎನ್ನಬೇಕು. ಬಸ್‌ಸ್ಟ್ಯಾಂಡಿನ ಪಕ್ಕದಲ್ಲೋ ಬೇವಿನ ಮರದ ಕೆಳಗೋ ನಾಲ್ಕಾರು ಅಂಬಾಸಿಡರ್ ಕಾರುಗಳು. ಆಮೇಲೆ ಟ್ರ್ಯಾಕ್ಸು, ಕ್ರೂಸರು, ಊರೊಳಗೆ ಟಂಟಂ. ಮದುವೆಗೆ, ದವಾಖಾನೆಗೆ, ಧರ್ಮಸ್ಥಳಕ್ಕೆ ಬಾಡಿಗೆ ಮಾತಾಡುವುದು. ಇಲ್ಲಿ ‘ಖಾಲಿ ಬರುವ’ ಲೆಕ್ಕವೇ ದೊಡ್ಡದು. 90 ಕಿಲೋಮೀಟರು ಹೋಗುವವನು 180 ಕಿಲೋಮೀಟರಿನ ಹಣ ಕೊಡಬೇಕು. ಚಾಲಕನದು ಲೋಭವೆಂದು ಪ್ರಯಾಣಿಕ ಬೈದುಕೊಳ್ಳುತ್ತಾನೆ. ಆದರೆ ಹುಬ್ಬಳ್ಳಿಯಲ್ಲಿ ರಾಣೆಬೆನ್ನೂರಿಗೆ ಬರುವವನು ಯಾವ ಮೂಲೆಯಲ್ಲಿ ನಿಂತಿದ್ದಾನೆಂಬುದು ಚಾಲಕನಿಗೆ ತಿಳಿಯುವ ಬಗೆ ಹೇಗೆ? ಇಬ್ಬರೂ ಒಂದೇ ಊರಿನ ಒಂದೇ ರಸ್ತೆಯಲ್ಲಿದ್ದರೂ ಒಬ್ಬರಿಗೊಬ್ಬರು ಕಾಣಿಸುತ್ತಿರಲಿಲ್ಲ. ಈ ಅಜ್ಞಾನದ ಬೆಲೆಯನ್ನು ಪ್ರಯಾಣಿಕ ತೆರುತ್ತಿದ್ದ.

ವಿಮಾನ ನಿಲ್ದಾಣದ ಬಾಗಿಲು

2003ರ ಆಗಸ್ಟಿನಲ್ಲಿ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ ಹುಬ್ಬಳ್ಳಿ ಬೆಂಗಳೂರುಗಳ ನಡುವೆ ವಿಮಾನ ಹಾರಿಸಿದಾಗ ನಮ್ಮ ಸೀಮೆಯ ಮಧ್ಯಮ ವರ್ಗದವರು ಮೊದಲ ಸಲ ‘ನಾವೂ ಹೋಗಬಹುದು’ ಎಂದುಕೊಂಡರು. ಆಮೇಲೆ ಸೇವೆ ನಡುನಡುವೆ ನಿಂತಿತು, ಮತ್ತೆ ಬಂದಿತು. 2017ರ ಡಿಸೆಂಬರಿನಲ್ಲಿ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಹೊಸ ಟರ್ಮಿನಲ್ ಕಟ್ಟಡದ ಉದ್ಘಾಟನೆಯಾಯಿತು. 2023ರ ಫೆಬ್ರವರಿಯಲ್ಲಿ ಶಿವಮೊಗ್ಗೆಯ ನಿಲ್ದಾಣ ಉದ್ಘಾಟನೆಗೊಂಡು ರಾಣೆಬೆನ್ನೂರಿನವರಿಗೆ ಇನ್ನೊಂದು ದಿಕ್ಕಿನ ಬಾಗಿಲೂ ತೆರೆಯಿತು.

ಇದರ ನಡುವೆ, 2008ರ ಮೇ 24ರಂದು, ಬೆಂಗಳೂರಿನ ವಿಮಾನ ನಿಲ್ದಾಣ ಊರೊಳಗಿನ ಎಚ್.ಎ.ಎಲ್. ಆವರಣದಿಂದ ದೇವನಹಳ್ಳಿಯ ಬಯಲಿಗೆ ಹೋಯಿತು. ನಗರದ ನಡುವಿನಿಂದ ಅದು ಸುಮಾರು 40 ಕಿಲೋಮೀಟರು. ಹುಬ್ಬಳ್ಳಿಯಿಂದ ಒಂದು ಗಂಟೆಯಲ್ಲಿ ಹಾರಿ ಬಂದವನು ಊರೊಳಗೆ ಹೋಗಲು ಒಂದೂವರೆ ಗಂಟೆ ಬೇಕಾಗತೊಡಗಿತು. ವಾಯುವಜ್ರ ಬಸ್ಸುಗಳು ಬಂದವು. ಫೋನು ಮಾಡಿದರೆ ಬರುವ ರೇಡಿಯೋ ಟ್ಯಾಕ್ಸಿಗಳು ಬಂದವು. ಪ್ರವಾಸೋದ್ಯಮ ನಿಗಮದ ಟ್ಯಾಕ್ಸಿಗಳೂ ನಿಂತವು. ಹಿಂದೆ ಸ್ಟೇಶನ್ ಅಂಗಳ ರೈಲಿನವರದಾಗಿದ್ದಂತೆ ಇಲ್ಲಿಯ ಅಂಗಳ ನಿಲ್ದಾಣದ ಆಡಳಿತದವರದು. ಯಾವ ಗಾಡಿ ಎಲ್ಲಿ ನಿಲ್ಲಬೇಕು, ಯಾರಿಗೆ ಒಳಗೆ ಅಪ್ಪಣೆ ಎಂಬುದನ್ನು ನಿಶ್ಚಯಿಸುವವರು ಅವರೇ. ಟಾಂಗಾ ಕಟ್ಟೆಯ ಹಳೆಯ ಕಥೆ ಹೊಸ ವೇಷದಲ್ಲಿ ಮತ್ತೆ ಪ್ರಾರಂಭವಾಯಿತು.

ಕಾಣದ ಕಟ್ಟೆ

ಇಷ್ಟರಲ್ಲಿ ಕೈಫೋನು ಬಂದಿತು. 2010ರ ಕೊನೆಯಲ್ಲಿ ಓಲಾ, 2011ರಲ್ಲಿ ಬೆಂಗಳೂರಿನದೇ ಆದ ಟ್ಯಾಕ್ಸಿ ಫಾರ್ ಶೂರ್, 2013ರಲ್ಲಿ ಅಮೆರಿಕದ ಊಬರ್ — ಒಂದರ ಹಿಂದೆ ಒಂದು ಹುಟ್ಟಿದವು ಇಲ್ಲವೆ ಬಂದವು. ಊಬರ್ ಭಾರತದಲ್ಲಿ ಮೊದಲು ಕಾಲಿಟ್ಟುದು ಬೆಂಗಳೂರಿನಲ್ಲಿಯೇ. 2015ರಲ್ಲಿ ಟ್ಯಾಕ್ಸಿ ಫಾರ್ ಶೂರ್ ಅನ್ನು ಓಲಾ ಕೊಂಡುಕೊಂಡಿತು. ಈ ಕಂಪನಿಗಳು ಮುಖ್ಯವಾಗಿ ಮಾಡಿದ ಕೆಲಸ ಒಂದೇ. ಅವು ಕಟ್ಟೆಯನ್ನು ನೆಲದಿಂದ ಎತ್ತಿ ಫೋನಿನೊಳಗೆ ಇಟ್ಟವು.

ಇದರಿಂದಾದ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಮೊದಲನೆಯದು, ಖಾಲಿ ಬರುವ ಗಾಡಿಯೂ ಕಾಯುತ್ತ ನಿಂತ ಪ್ರಯಾಣಿಕನೂ ಒಬ್ಬರಿಗೊಬ್ಬರು ಕಾಣುವಂತಾಯಿತು. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ದೂರದ ಊರಿಗೆ ‘ಒಂದೇ ಕಡೆ’ಯ ದರದಲ್ಲಿ ಗಾಡಿ ಸಿಗತೊಡಗಿತು. ಎರಡನೆಯದು, ಗಾಡಿಯ ಸಂಖ್ಯೆ, ಚಾಲಕನ ಹೆಸರು, ಹೋಗುತ್ತಿರುವ ದಾರಿ — ಇವು ಮನೆಯವರಿಗೂ ತಿಳಿಯುವಂತಾಯಿತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಊರಿನ ಹೆಣ್ಣುಮಕ್ಕಳು ನಡುರಾತ್ರಿ ದೇವನಹಳ್ಳಿಯಲ್ಲಿ ಇಳಿದರೂ ಹಾವೇರಿಯಲ್ಲಿರುವ ತಾಯಿ ಫೋನಿನಲ್ಲಿ ಆ ಗಾಡಿಯ ಚುಕ್ಕೆಯನ್ನು ನೋಡುತ್ತ ಕೂಡಬಲ್ಲಳು. ಟಾಂಗಾದ ಕಾಲದಲ್ಲಿ ಈ ಧೈರ್ಯವನ್ನು ಯಾರು ಕೊಡಬಲ್ಲವರಾಗಿದ್ದರು? ಮೂರನೆಯದು, ಹೊಸಬನಿಗೂ ಹಳಬನಿಗೂ ಇದ್ದ ಭೇದ ಕಡಿಮೆಯಾಯಿತು. ಗಾಡಿಯೇರುವ ಮುಂಚೆಯೇ ಮೊತ್ತ ತಿಳಿಯಿತು.

ಹಾವೇರಿ, ಬ್ಯಾಡಗಿಗಳಂಥ ಊರುಗಳಲ್ಲಿ ಫೋನು ಒತ್ತಿದೊಡನೆ ಗಾಡಿ ಬಂದು ನಿಲ್ಲುವ ಕಾಲ ಇನ್ನೂ ಪೂರ್ತಿಯಾಗಿ ಬಂದಿಲ್ಲ. ಆದರೂ ಅದರ ನೆರಳು ಬಂದಿದೆ. ನಮ್ಮ ಊರಿನ ಚಾಲಕರೊಡನೆ ಬಾಡಿಗೆ ಮಾತಾಡುವ ತರುಣರು ಮೊದಲು ಫೋನಿನಲ್ಲಿ ದರ ನೋಡಿ, "ಆ್ಯಪ್‌ನ್ಯಾಗ ಇಷ್ಟ್ ತೋರಸಾಕತ್ತದ ನೋಡ್ರಿ" ಎಂದು ಪರದೆಯನ್ನು ಮುಂದೆ ಹಿಡಿಯುತ್ತಾರೆ. ಗಾಡಿ ಬರದ ಊರಿಗೂ ಗಾಡಿಯ ದರ ಬಂದು ಮುಟ್ಟಿದೆ!

ಇನ್ನು ಮರುಬದಿ. ನೆಲದ ಮೇಲಿನ ಕಟ್ಟೆಯಲ್ಲಿ ತನ್ನ ಮುಂದೆ ಎಷ್ಟು ಟಾಂಗಾ ಇವೆ ಎಂಬುದನ್ನು ಟಾಂಗಾದವನು ಎಣಿಸಬಹುದಾಗಿತ್ತು. ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಆ್ಯಪಿನ ಗಾಡಿಗಳು ದೂರದ ಬಯಲೊಂದರಲ್ಲಿ ಕಾಯುತ್ತವೆ. ಸರದಿ ಇರುವುದು ಯಂತ್ರದೊಳಗೆ. ದರವೂ ಹಾಗೆಯೇ. ಬೇಡಿಕೆ ಹೆಚ್ಚಿದಾಗ ಏರುತ್ತದೆ, ಕಡಿಮೆಯಾದಾಗ ಇಳಿಯುತ್ತದೆ. ಕೌಟಿಲ್ಯನ ದೊಡ್ಡ ನದಿಯಂತೆ ಅದರ ಕಾರಣ ಕಣ್ಣೆದುರಿಗಿಲ್ಲ. ಪ್ರಯಾಣಿಕ ಕೊಟ್ಟ ಹಣದಲ್ಲಿ ಕಂಪನಿಯ ಪಾಲೆಷ್ಟು, ಚಾಲಕನ ಪಾಲೆಷ್ಟು ಎಂಬುದು ಹಿಂದಿನ ಸೀಟಿನಲ್ಲಿ ಕುಳಿತವನಿಗೆ ತಿಳಿಯದು. ಪರಿಚಿತರಾದ ಚಾಲಕರೊಬ್ಬರು ಕೆಲವು ವರ್ಷ ಬೆಂಗಳೂರಿನಲ್ಲಿ ಆ್ಯಪಿನ ಗಾಡಿ ಓಡಿಸಿ ಈಗ ರಾಣೆಬೆನ್ನೂರಿಗೆ ಮರಳಿದ್ದಾರೆ. "ಸರ, ಅಲ್ಲಿ ಮಾಲಕ ಬೈತಿದ್ದಿಲ್ರೀ. ಆದ್ರ ಬೈಯೂ ಮಾಲಕ ಇದ್ರ ನಾವೂ ತಿರುಗಿ ಒಂದ್ ಮಾತ ಕೇಳಬಹುದಾಗಿತ್ತು" ಎಂದು ಅವರು ಹೇಳಿದುದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಎರಡು ಬೆಂಕಿ

2021ರ ಮಾರ್ಚ್ 30ರಂದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ, ನಿಗಮದ ಟ್ಯಾಕ್ಸಿ ಓಡಿಸುತ್ತಿದ್ದ ಚಾಲಕರೊಬ್ಬರು ತಮ್ಮ ಗಾಡಿಯಲ್ಲಿಯೇ ಬೆಂಕಿಗೆ ಆತ್ಮಾಹುತಿ ಮಾಡಿಕೊಂಡರು. ಅವರ ಮನಸ್ಸಿನ ದುಃಖವನ್ನು ಅಳೆಯುವ ಅಧಿಕಾರ ನಮಗಿಲ್ಲ. ಆದರೆ ಅವರ ಜೊತೆಯ ಚಾಲಕರು ಮರುದಿನಗಳಲ್ಲಿ ಬೀದಿಗಿಳಿದು ಕೇಳಿದುದು ಒಂದೇ: ಆ್ಯಪಿನ ಗಾಡಿಗೂ ನಮ್ಮ ಗಾಡಿಗೂ ಒಂದೇ ದರ ಮಾಡಿರಿ. ಸರಕಾರ ಗೊತ್ತುಮಾಡಿದ ದರಕ್ಕೆ ತಾವು ಬದ್ಧರಾಗಿರುವಾಗ, ಅದೇ ಬಾಗಿಲಿನಲ್ಲಿ ಕಂಪನಿಗಳು ತೀರ ಕಡಿಮೆ ದರಕ್ಕೆ ಜನರನ್ನು ಒಯ್ದರೆ ತಾವು ಬದುಕುವುದು ಹೇಗೆ ಎಂಬುದು ಅವರ ಅಳಲು.

ಇನ್ನೊಂದು ಬೆಂಕಿ ನಮ್ಮ ಬ್ಯಾಡಗಿಯದು. ಬ್ಯಾಡಗಿಯ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದುದು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರಕಿದೆ. ಹಿಂದೆ ದೇಶದ ಎಷ್ಟೋ ಪೇಟೆಗಳಲ್ಲಿ ದಲಾಲರು ವಸ್ತ್ರದ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ಬೆಲೆ ಕುದುರಿಸುತ್ತಿದ್ದರು. ರೈತನಿಗೆ ತನ್ನ ಮಾಲಿನ ಬೆಲೆ ಕೊನೆಗೆ ಗೊತ್ತಾಗುತ್ತಿತ್ತು. ಅದನ್ನು ತಪ್ಪಿಸುವುದಕ್ಕೆಂದೇ ಮಾರುಕಟ್ಟೆಯ ಕಾಯಿದೆಗಳು, ಬಹಿರಂಗ ಸವಾಲು, ಟೆಂಡರು, ಕೊನೆಗೆ ಕಂಪ್ಯೂಟರಿನ ಟೆಂಡರು ಬಂದವು. ಉದ್ದೇಶ ಒಳ್ಳೆಯದೇ. ಆದರೆ 2024ರ ಮಾರ್ಚ್ 11ರಂದು, ಬೆಲೆ ಇದ್ದಕ್ಕಿದ್ದಂತೆ ಕ್ವಿಂಟಲಿಗೆ ಸಾವಿರಾರು ರೂಪಾಯಿ ಕುಸಿದುದನ್ನು ಕಂಡು, ದೂರದ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಗಳಿಂದಲೂ ಮಾಲು ತಂದಿದ್ದ ರೈತರು ರೊಚ್ಚಿಗೆದ್ದರು. ಉದ್ರಿಕ್ತ ಗುಂಪು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿತು. ವಾಹನಗಳಿಗೆ ಬೆಂಕಿ ಬಿತ್ತು. ಹಾನಿಯಾದುದು ಸಾರ್ವಜನಿಕರ ಸ್ವತ್ತು; ಆ ಕೃತ್ಯವನ್ನು ಯಾರೂ ಸಮರ್ಥಿಸಲಾರರು. ಆದರೂ ಅದರ ಹಿಂದಿನ ಸಂಶಯವನ್ನು ಅರ್ಥಮಾಡಿಕೊಳ್ಳದೆ ಗತ್ಯಂತರವಿಲ್ಲ. ನಿನ್ನೆಯ ಬೆಲೆ ಇಂದು ಏಕಿಲ್ಲವೆಂಬ ಪ್ರಶ್ನೆಗೆ ಪರದೆಯ ಮೇಲಿನ ಅಂಕಿ ಉತ್ತರ ಹೇಳುವುದಿಲ್ಲ.

ವಿಮಾನ ನಿಲ್ದಾಣಕ್ಕೂ ಮೆಣಸಿನಕಾಯಿಯ ಪೇಟೆಗೂ ಏನು ಸಂಬಂಧ ಎಂದು ವಾಚಕರು ಕೇಳಬಹುದು. ಎರಡು ಕಡೆಗೂ ದುಡಿಯುವವನು ಬಾಗಿಲವರೆಗೆ ಬಂದಿದ್ದಾನೆ. ಹಿಂದಿರುಗಿದರೆ ಖಾಲಿ ಹೋಗಬೇಕು. ರೈತ ಚೀಲಗಳನ್ನು ಮರಳಿ ಹೇರಿಕೊಂಡು ಹೋಗಲಾರ. ಚಾಲಕ ಗಂಟೆಗಟ್ಟಲೆ ಕಾದು ಬರಿಗಾಡಿ ಓಡಿಸಲಾರ. ಅಂಥವನಿಗೆ ಬೆಲೆ ಕಾಣದ ಕಡೆಯಿಂದ ಬರುತ್ತದೆ. ಬೇಡವೆನ್ನುವ ಸ್ವಾತಂತ್ರ್ಯ ಕಾಗದದ ಮೇಲಿದೆ, ಕೈಯಲ್ಲಿಲ್ಲ. ವಸ್ತ್ರದ ಕೆಳಗಿನ ಬೆರಳು ಹೋಗಿ ಗಾಜಿನ ಹಿಂದಿನ ಅಂಕಿ ಬಂದರೆ ಗುಟ್ಟು ಹೋದಂತಾಗುವುದೇ?

ಕಾಯಿದೆಯ ಹೆಜ್ಜೆಗಳು

ಸರಕಾರ ಸುಮ್ಮನೆ ಕುಳಿತಿಲ್ಲ ಎಂಬುದನ್ನೂ ಹೇಳಬೇಕು. ಈ ಕಂಪನಿಗಳಿಗೆ ಪರವಾನಗಿ ವಿಧಿಸುವ ನಿಯಮಗಳನ್ನು ಕರ್ನಾಟಕ 2016ರಲ್ಲಿಯೇ ಮಾಡಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಯಲ್ಲಿಯೇ ಇವುಗಳಿಗೆ ಒಂದು ಸ್ಥಾನ ದೊರೆಯಿತು. 2024ರ ಜನವರಿಯಲ್ಲಿ ರಾಜ್ಯ ಸರಕಾರ ನಗರ ಟ್ಯಾಕ್ಸಿಗೂ ಆ್ಯಪಿನ ಟ್ಯಾಕ್ಸಿಗೂ ಒಂದೇ ದರವನ್ನು ಗೊತ್ತುಮಾಡಿತು: 10 ಲಕ್ಷ ರೂಪಾಯಿಯೊಳಗಿನ ಬೆಲೆಯ ಗಾಡಿಗೆ ಮೊದಲ 4 ಕಿಲೋಮೀಟರಿಗೆ 100 ರೂಪಾಯಿ, ಆಮೇಲೆ ಕಿಲೋಮೀಟರಿಗೆ 24, 10ರಿಂದ 15 ಲಕ್ಷದ ಗಾಡಿಗೆ 115 ಮತ್ತು 28, ಅದಕ್ಕೂ ಮೇಲಿನದಕ್ಕೆ 130 ಮತ್ತು 32. ಮೂರು ವರ್ಷಗಳ ಹಿಂದೆ ಚಾಲಕರು ಬೀದಿಯಲ್ಲಿ ಕೇಳಿದ ಮಾತು ಹೀಗೆ ಕಾಗದಕ್ಕೆ ಬಂದಿತು. 2025ರ ಜುಲೈಯಲ್ಲಿ ಕೇಂದ್ರ ಸರಕಾರ ಹೊಸ ಮಾರ್ಗಸೂಚಿ ಹೊರಡಿಸಿ, ಮೂಲ ದರದ ಎರಡು ಪಟ್ಟಿಗಿಂತ ಮೇಲಕ್ಕೂ ಅರ್ಧಕ್ಕಿಂತ ಕೆಳಕ್ಕೂ ಹೋಗಬಾರದೆಂದು ಮಿತಿ ಹಾಕಿತು.

ಇವೆಲ್ಲಕ್ಕಿಂತ ಮಹತ್ವದ್ದು 2025ರಲ್ಲಿ ಕರ್ನಾಟಕದಲ್ಲಿ ಬಂದ ಗಿಗ್ ಕಾರ್ಮಿಕರ ಕಾಯಿದೆ ಎಂದು ನನ್ನ ಅಭಿಪ್ರಾಯ. ಕಾರ್ಮಿಕನಿಗೆ ಸಲ್ಲುವ ಪ್ರತಿ ಪಾವತಿಯ ಮೇಲೆ ಕಂಪನಿ 1ರಿಂದ 5 ಪ್ರತಿಶತದವರೆಗೆ ಕಲ್ಯಾಣ ನಿಧಿಗೆ ಕೊಡಬೇಕೆಂಬುದು ಅದರ ಒಂದು ಭಾಗ. ಅದಕ್ಕಿಂತ ಆಳವಾದ ಭಾಗ ಇನ್ನೊಂದಿದೆ. ಕೆಲಸವನ್ನೂ ಗಳಿಕೆಯನ್ನೂ ನಿರ್ಧರಿಸುವ ಯಂತ್ರದ ಲೆಕ್ಕ ಹೇಗೆ ನಡೆಯುತ್ತದೆಂಬುದನ್ನು ಕಾರ್ಮಿಕನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಮುಂಚಿತವಾಗಿ ತಿಳಿಸದೆ ಕೆಲಸದಿಂದ ತೆಗೆಯಬಾರದು. 1861ರಲ್ಲಿ ಟಾಂಗಾದ ಒಡೆಯನ ಹೆಸರನ್ನು ಪರವಾನಗಿಯಲ್ಲಿ ಬರೆಯಿಸಿದ ತತ್ವವೇ ಇಲ್ಲಿ ಮತ್ತೆ ತಲೆಯೆತ್ತಿದೆ. 2022ರಲ್ಲಿ ಬೆಂಗಳೂರಿನ ಆಟೋ ಚಾಲಕರ ಸಂಘದ ಸಹಕಾರದಿಂದ ಪ್ರಾರಂಭವಾದ ‘ನಮ್ಮ ಯಾತ್ರಿ’ ಇನ್ನೊಂದು ದಾರಿಯನ್ನು ತೋರಿಸಿತು. ಪ್ರತಿ ಬಾಡಿಗೆಯಲ್ಲೂ ಪಾಲು ಕೇಳದೆ ಚಾಲಕನಿಂದ ಗೊತ್ತಾದ ಚಿಕ್ಕ ಶುಲ್ಕವನ್ನಷ್ಟೇ ಪಡೆಯುವ ಪದ್ಧತಿ ಅದರದು. ಯಂತ್ರವಿದ್ದರೆ ಗುಟ್ಟು ಇರಲೇಬೇಕೆಂಬ ನಿಯಮವೇನೂ ಇಲ್ಲವೆಂಬುದಕ್ಕೆ ಇದು ಸಾಕ್ಷಿ.

ಕಾಯಿದೆ ಆಯಿತೆಂದರೆ ಕೆಲಸ ಆಯಿತೆಂದಲ್ಲ. ಸರಕಾರಿ ದರದ ಆ ಪಟ್ಟಿಯನ್ನು ಎಷ್ಟು ಮಂದಿ ಪ್ರಯಾಣಿಕರು ಕಂಡಿದ್ದಾರೆ? ರೈಲು ಸ್ಟೇಶನ್ನಿನಲ್ಲಿ ಗಾಡಿಗಳ ವೇಳೆಯನ್ನು ಬರೆದ ಹಲಗೆಯಿರುವಂತೆ, ಬಸ್‌ಸ್ಟ್ಯಾಂಡಿನಲ್ಲಿ ಊರುಗಳ ಹೆಸರಿರುವಂತೆ, ಪ್ರತಿಯೊಂದು ವಿಮಾನ ನಿಲ್ದಾಣದ ಹೊರಬಾಗಿಲಲ್ಲಿ ಕನ್ನಡದಲ್ಲಿ ಒಂದು ದರದ ಹಲಗೆ ಇರಬಾರದೇಕೆ? ಹಾವೇರಿಗೆ ಇಷ್ಟು, ಬ್ಯಾಡಗಿಗೆ ಇಷ್ಟು, ರಾಣೆಬೆನ್ನೂರಿಗೆ ಇಷ್ಟು. ರಾತ್ರಿಯಾದರೆ ಇಷ್ಟು ಹೆಚ್ಚು. ಇದರಲ್ಲಿ ಚಾಲಕನಿಗೆ ಸಲ್ಲುವುದು ಇಷ್ಟು. ಫೋನಿನಲ್ಲಿಯೂ ಅದೇ ಮೂರು ಸಾಲು ಕಾಣಲಿ. ಅದಕ್ಕೆ ದೊಡ್ಡ ಖರ್ಚೇನೂ ಬೇಡ.

ಅಂದು ಹುಬ್ಬಳ್ಳಿಯಿಂದ ಹೊರಟ ನಮ್ಮ ಗಾಡಿ ಹಾವೇರಿ ದಾಟಿ ಮೋಟೆಬೆನ್ನೂರಿನ ಹತ್ತಿರಕ್ಕೆ ಬಂದಾಗ, ಆ ಬ್ಯಾಡಗಿಯ ಹಿರಿಯರನ್ನು ಹೊತ್ತ ಕಾರು ನಮ್ಮ ಮುಂದೆಯೇ ಒಳದಾರಿಗೆ ತಿರುಗುತ್ತಿತ್ತು. ಚಾಲಕ ತಲೆಯನ್ನು ಅರ್ಧ ಹಿಂದಕ್ಕೆ ತಿರುಗಿಸಿ ಏನೋ ಹೇಳುತ್ತಿದ್ದ. ಹಿರಿಯರು ಕೈಯಾಡಿಸಿ ಉತ್ತರ ಕೊಡುತ್ತಿದ್ದರು. ಬಾಡಿಗೆಯ ಮಾತು ಹುಬ್ಬಳ್ಳಿಯಲ್ಲಿಯೇ ಮುಗಿದಿದ್ದಿತು. ಈಗ ಮಾತು ಮಳೆಯದೋ ಮೆಣಸಿನಕಾಯಿಯದೋ ಇರಬೇಕು. ಬ್ಯಾಡಗಿಯಲ್ಲಿ ಅವರನ್ನಿಳಿಸಿ ಅವನು ಖಾಲಿ ಗಾಡಿಯನ್ನು ಹುಬ್ಬಳ್ಳಿಗೆ ತಿರುಗಿಸುವ ಹೊತ್ತಿಗೆ, ಅಲ್ಲಿಂದ ಹುಬ್ಬಳ್ಳಿಗೆ ಹೋಗಬೇಕಾದವರು ಯಾರಾದರೂ ರಸ್ತೆಯ ಪಕ್ಕದಲ್ಲಿ ಕಾದಿರಬಹುದೆ? ಅವರಿಬ್ಬರನ್ನೂ ಒಬ್ಬರಿಗೊಬ್ಬರು ಕಾಣುವಂತೆ ಮಾಡಬಲ್ಲ ಯಂತ್ರ ನಮ್ಮ ಕೈಯಲ್ಲಿದೆ. ಅದರೊಳಗಿನ ಲೆಕ್ಕವೂ ಅವರಿಬ್ಬರಿಗೆ ಕಾಣುವಂತಾದರೆ, ಅಜ್ಜ ಹೇಳುತ್ತಿದ್ದ ಆ ಕಟ್ಟೆಯ ನ್ಯಾಯ ಕಟ್ಟೆಯ ಹೊರಗಿನವರಿಗೂ ದೊರೆತಂತಾದೀತು.